ಪ್ರೋಗ್ರಾಂ ಫೋಲ್ಡರನ್ನು ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಸಾಗಿಸುವುದು ಹೇಗೆ?

ಓದುಗರ ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಸಿ ಡ್ರೈವ್ 128 ಜಿಬಿಯ ಎಸ್‌ಎಸ್‌ಡಿ, ಡಿ ಡ್ರೈವ್ 1 ಟಿಬಿಯ ಹಾರ್ಡ್ ಡಿಸ್ಕ್. ಸಿ ತುಂಬಿ ಕೆಂಪು ಪಟ್ಟಿ ಕಾಣಿಸಿದ್ದರಿಂದ ಪ್ರೋಗ್ರಾಂ ಫೈಲ್ಸ್‌ನಲ್ಲಿದ್ದ ವಿಡಿಯೊ ಎಡಿಟಿಂಗ್ ಪ್ರೋಗ್ರಾಂನ ಫೋಲ್ಡರನ್ನು (ಸುಮಾರು 9 ಜಿಬಿ) ಕಟ್ ಮಾಡಿ ಡಿ ಡ್ರೈವ್‌ನಲ್ಲಿ ಪೇಸ್ಟ್ ಮಾಡಿದೆ. ಕೆಲವು ಫೈಲ್‌ಗಳು ಬಳಕೆಯಲ್ಲಿವೆ ಎಂದು ತೋರಿಸಿದಾಗ ಸ್ಕಿಪ್ ಒತ್ತಿದೆ. ಈಗ ಡೆಸ್ಕ್‌ಟಾಪ್‌ನ ಐಕಾನ್ ಬಿಳಿ ಹಾಳೆಯಂತಾಗಿದೆ, ಪ್ರಾಜೆಕ್ಟ್ ಫೈಲ್‌ಗಳು ಡಬಲ್ ಕ್ಲಿಕ್‌ಗೆ ತೆರೆಯುತ್ತಿಲ್ಲ, ಅನ್‌ಇನ್‌ಸ್ಟಾಲ್ ಕೂಡ ಆಗುತ್ತಿಲ್ಲ. ಮರಳಿ ಇನ್‌ಸ್ಟಾಲ್ ಮಾಡದೆ ಇದನ್ನು ಸರಿಪಡಿಸಬಹುದೇ? ಮುಂದೆ ಬೇರೆ ಪ್ರೋಗ್ರಾಂ ಸಾಗಿಸಬೇಕಾದರೆ ಸರಿಯಾದ ದಾರಿ ಯಾವುದು?

ಉತ್ತರ: ಸರಿಪಡಿಸಬಹುದು. ಫೈಲ್‌ಗಳು ನಾಶವಾಗಿಲ್ಲ, ಎರಡು ಕಡೆ ಹಂಚಿಹೋಗಿವೆ ಅಷ್ಟೆ. ಎರಡು ಬೇರೆ ಡ್ರೈವ್‌ಗಳ ನಡುವೆ ಕಟ್-ಪೇಸ್ಟ್ ಎಂದರೆ ಮೊದಲು ನಕಲು, ಆಮೇಲೆ ಅಳಿಸುವುದು. ನೀವು ಸ್ಕಿಪ್ ಒತ್ತಿದ ಫೈಲ್‌ಗಳು ಸಿ ಡ್ರೈವ್‌ನ ಹಳೆಯ ಫೋಲ್ಡರ್‌ನಲ್ಲೇ ಉಳಿದಿವೆ. ಆ ಫೋಲ್ಡರನ್ನು ಖಾಲಿ ಕಸವೆಂದು ತಿಳಿದು ಅಳಿಸಬೇಡಿ. ಬಳಕೆಯಲ್ಲಿದ್ದ ಫೈಲ್ ಎಂದರೆ ಸಾಮಾನ್ಯವಾಗಿ ಹಿನ್ನೆಲೆಯಲ್ಲಿ ಓಡುತ್ತಿದ್ದ ಅಪ್‌ಡೇಟರ್, ಸರ್ವಿಸ್ ಅಥವಾ ಅವು ಬಳಸುವ ಡಿಎಲ್‌ಎಲ್ ಫೈಲ್ (ಪ್ರೋಗ್ರಾಂಗೆ ಬೇಕಾದ ಕೋಡ್ ಇರುವ ಸಹಾಯಕ ಫೈಲ್). ಅವಿಲ್ಲದೆ ಪ್ರೋಗ್ರಾಂ ಏಳದಿರಬಹುದು.

ಫೋಲ್ಡರ್ ಎಂದರೆ ಇಡೀ ಪ್ರೋಗ್ರಾಂ ಅಲ್ಲ. ಇನ್‌ಸ್ಟಾಲ್ ಆಗುವಾಗ ಅದು ತನ್ನ ವಿಳಾಸವನ್ನು ವಿಂಡೋಸ್‌ನ ಹತ್ತಾರು ಕಡೆ ಬರೆಸಿರುತ್ತದೆ. ಸ್ಟಾರ್ಟ್ ಮೆನು ಮತ್ತು ಡೆಸ್ಕ್‌ಟಾಪ್‌ನ ಶಾರ್ಟ್‌ಕಟ್‌ಗಳಲ್ಲಿ ಪೂರ್ತಿ ವಿಳಾಸವಿರುತ್ತದೆ, ನಿಮ್ಮ ಐಕಾನ್ ಬಿಳಿಯಾಗಿದ್ದು ಅದಕ್ಕೇ. ಯಾವ ಬಗೆಯ ಫೈಲನ್ನು ಯಾವ ಪ್ರೋಗ್ರಾಂ ತೆರೆಯಬೇಕು ಎಂಬ ನಮೂದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿದೆ, ಅಲ್ಲಿ ಹಳೆಯ ವಿಳಾಸವೇ ಇರುವುದರಿಂದ ಪ್ರಾಜೆಕ್ಟ್ ಫೈಲ್ ತೆರೆಯುತ್ತಿಲ್ಲ. ಅನ್‌ಇನ್‌ಸ್ಟಾಲ್ ಪಟ್ಟಿಯ ಪ್ರತಿ ಸಾಲಿನ ಹಿಂದೆಯೂ ಅನ್‌ಇನ್‌ಸ್ಟಾಲರ್‌ನ ಪೂರ್ತಿ ವಿಳಾಸವಿದೆ. ಇವಲ್ಲದೆ ಸರ್ವಿಸ್‌ಗಳ ಪಟ್ಟಿ, ಟಾಸ್ಕ್ ಶೆಡ್ಯೂಲರ್, ಫೈರ್‌ವಾಲ್ ನಿಯಮಗಳು, ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್, ಬೇರೆ ಪ್ರೋಗ್ರಾಂಗಳು ಕರೆಯುವ ಕಾಮ್ ಘಟಕಗಳ ನಮೂದು, ಪ್ರೋಗ್ರಾಂನದೇ ಕಾನ್ಫಿಗರೇಶನ್ ಫೈಲ್‌ಗಳು, ಎಲ್ಲದರಲ್ಲೂ ಹಳೆಯ ವಿಳಾಸ. ಮನೆ ಖಾಲಿ ಮಾಡಿ ಹೋದ ಮೇಲೂ ಗ್ಯಾಸ್ ಸಿಲಿಂಡರ್ ಹಳೆಯ ಬಾಗಿಲಿಗೇ ಬರುತ್ತಿರುವ ಸ್ಥಿತಿ ಇದು.

ಹಾಗಾಗಿ ಹತ್ತಾರು ಕಡೆ ವಿಳಾಸ ತಿದ್ದುವುದಕ್ಕಿಂತ, ಹಳೆಯ ವಿಳಾಸದಲ್ಲೇ ಹೊಸ ಜಾಗಕ್ಕೆ ತೆರೆದುಕೊಳ್ಳುವ ಒಂದು ಬಾಗಿಲನ್ನು ಇಟ್ಟುಬಿಡುವುದು ಜಾಣತನ. ವಿಂಡೋಸ್ ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡಲು ಬಳಸುವ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಈ ಬಾಗಿಲಿಗೆ ಜಂಕ್ಷನ್ ಎಂದು ಹೆಸರು. ವಿಂಡೋಸ್ 2000ದ ಕಾಲದಿಂದಲೂ ಇದೆ. ಅದನ್ನು ಸೃಷ್ಟಿಸುವ ಎಂಕೆಲಿಂಕ್ ಆದೇಶ ವಿಸ್ಟಾದಿಂದ ಈಚೆಗೆ ವಿಂಡೋಸ್‌ನ ಜೊತೆಗೇ ಬರುತ್ತದೆ. ಜಂಕ್ಷನ್ ಹಾಕಿದ ಮೇಲೆ, ಸಿ ಡ್ರೈವ್‌ನ ಹಳೆಯ ವಿಳಾಸ ಕೇಳಿಕೊಂಡು ಬಂದ ಯಾವ ಪ್ರೋಗ್ರಾಂಗೂ ಡಿ ಡ್ರೈವ್‌ನ ಫೈಲ್ ಸಿಗುತ್ತದೆ. ಶಾರ್ಟ್‌ಕಟ್ ಫೈಲ್‌ನಂತೆ ಇದು ಎಕ್ಸ್‌ಪ್ಲೋರರ್‌ಗೆ ಮಾತ್ರ ಅರ್ಥವಾಗುವ ಸಂಗತಿಯಲ್ಲ. ಫೈಲ್ ವ್ಯವಸ್ಥೆಯ ಮಟ್ಟದಲ್ಲೇ ದಾರಿ ತಿರುಗುವುದರಿಂದ ಬಹುತೇಕ ಪ್ರೋಗ್ರಾಂಗಳಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಸಾಗಿಸುವ ಮೊದಲು

ನಿಜವಾಗಿ ಜಾಗ ತಿನ್ನುತ್ತಿರುವುದು ಪ್ರೋಗ್ರಾಂ ಫೋಲ್ಡರೇ ಹೌದೇ ಎಂದು ಮೊದಲು ನೋಡಿ. ವಿಡಿಯೊ ಎಡಿಟಿಂಗ್ ಪ್ರೋಗ್ರಾಂಗಳಲ್ಲಿ ಮೀಡಿಯಾ ಕ್ಯಾಶ್ ಮತ್ತು ಪ್ರಿವ್ಯೂ ಫೈಲ್‌ಗಳು ಎಷ್ಟೋ ಸಲ ಪ್ರೋಗ್ರಾಂಗಿಂತ ದೊಡ್ಡವಾಗಿರುತ್ತವೆ. ಅವು ಕೂರುವುದು ಬಳಕೆದಾರರ ಆ್ಯಪ್‌ಡೇಟಾ ಅಥವಾ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ. ಇವುಗಳ ಜಾಗ ಬದಲಿಸಲು ಪ್ರೋಗ್ರಾಂನ ಪ್ರಿಫರೆನ್ಸಸ್‌ನಲ್ಲೇ ಅವಕಾಶವಿರುತ್ತದೆ. ಅಲ್ಲಿ ಡಿ ಡ್ರೈವ್ ತೋರಿಸಿದರೆ ಮುಗಿಯಿತು, ಯಾವ ಅಪಾಯವೂ ಇಲ್ಲ. ಡಾಕ್ಯುಮೆಂಟ್ಸ್, ವಿಡಿಯೊಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬ ಟ್ಯಾಬ್ ಇದೆ. ಅದರ ಮೂಲಕ ಅವನ್ನು ಡಿ ಡ್ರೈವ್‌ಗೆ ಸಾಗಿಸುವುದು ಮೈಕ್ರೋಸಾಫ್ಟ್ ಒಪ್ಪಿದ ದಾರಿ. ಹೈಬರ್ನೇಟ್ ಬಳಸದವರು ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ /ಎಚ್ ಆಫ್ ಕೊಟ್ಟರೆ ಹೈಬರ್ನೇಶನ್ ಫೈಲ್ ಮಾಯವಾಗುತ್ತದೆ. ಅದು ಸಾಮಾನ್ಯವಾಗಿ ರ‍್ಯಾಮ್‌ನ ಶೇ 40ರಷ್ಟು ಇರುವುದರಿಂದ 16 ಜಿಬಿ ರ‍್ಯಾಮ್ ಇದ್ದವರಿಗೆ 6 ಜಿಬಿಗೂ ಹೆಚ್ಚು ಜಾಗ ಒಂದೇ ಆದೇಶದಲ್ಲಿ ಸಿಗುತ್ತದೆ. ಆದರೆ ಇದರಿಂದ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ.

ಜಾಗಕ್ಕೆ ಇನ್ನೊಂದು ಬೆಲೆಯೂ ಇದೆ. ಎಸ್‌ಎಸ್‌ಡಿಯಲ್ಲಿದ್ದ ಪ್ರೋಗ್ರಾಂ ಹಾರ್ಡ್ ಡಿಸ್ಕಿಗೆ ಹೋದರೆ ತೆರೆದುಕೊಳ್ಳುವುದು ಕಣ್ಣಿಗೆ ಕಾಣುವಷ್ಟು ನಿಧಾನವಾಗುತ್ತದೆ. ದಿನವೂ ಬಳಸುವ ಪ್ರೋಗ್ರಾಂ ಸಿ ಡ್ರೈವ್‌ನಲ್ಲೇ ಇರಲಿ, ತಿಂಗಳಿಗೊಮ್ಮೆ ತೆರೆಯುವುದು ಹೋಗಲಿ.

ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡುವುದೇ ಎಲ್ಲಕ್ಕಿಂತ ಶುದ್ಧವಾದ ವಿಧಾನ ಎಂಬುದು ನನ್ನ ಖಚಿತ ಅಭಿಪ್ರಾಯ. ಸೆಟಪ್ ಫೈಲ್ ಕೈಯಲ್ಲಿದ್ದು, ಲೈಸೆನ್ಸ್ ಕೀ ಗೊತ್ತಿದ್ದರೆ ಅರ್ಧ ಗಂಟೆಯ ಕೆಲಸ. ಸೆಟಪ್‌ನಲ್ಲಿ ಎಕ್ಸ್‌ಪ್ರೆಸ್ ಬದಲು ಕಸ್ಟಮ್ ಆರಿಸಿದರೆ ಫೋಲ್ಡರ್ ಕೇಳುತ್ತದೆ. ಕೇಳದಿದ್ದರೂ ದಾರಿ ಇದೆ. ಇನ್ನೋ ಸೆಟಪ್ ಎಂಬ ಸೆಟಪ್ ತಯಾರಿಕಾ ಸಾಧನದಿಂದ ತಯಾರಾದ ಸೆಟಪ್ ಫೈಲನ್ನು ಕಮಾಂಡ್ ಪ್ರಾಂಪ್ಟ್‌ನಿಂದ ಓಡಿಸಿ /ಡಿಐಆರ್= ಎಂದು ಬರೆದು, ಹೊಸ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಕೊಡಬಹುದು. ಎನ್‌ಎಸ್‌ಐಎಸ್ ಎಂಬ ಇನ್ನೊಂದು ಸಾಧನದಿಂದ ತಯಾರಾದದ್ದಾದರೆ /ಡಿ= ಎಂದು ಬರೆಯಬೇಕು. ಇದು ಸಾಲಿನ ಕಟ್ಟಕಡೆಯಲ್ಲಿರಬೇಕು, ವಿಳಾಸದ ನಡುವೆ ಖಾಲಿ ಜಾಗವಿದ್ದರೂ ಉದ್ಧರಣ ಚಿಹ್ನೆ ಹಾಕಬಾರದು. ವಿಂಡೋಸ್ ಇನ್‌ಸ್ಟಾಲರ್ ಬಳಸುವ ಎಂಎಸ್‌ಐ ಫೈಲ್‌ಗಳಲ್ಲಿ ಫೋಲ್ಡರ್ ಸೂಚಿಸುವ ಪ್ರಾಪರ್ಟಿಯ ಹೆಸರು ಪ್ಯಾಕೇಜ್‌ನಿಂದ ಪ್ಯಾಕೇಜ್‌ಗೆ ಬದಲಾಗುತ್ತದೆ. ಇನ್‌ಸ್ಟಾಲ್‌ಡಿರ್, ಟಾರ್ಗೆಟ್‌ಡಿರ್ ಎಂಬವು ಹೆಚ್ಚಾಗಿ ಕಾಣುವ ಹೆಸರುಗಳು. ಅನ್‌ಇನ್‌ಸ್ಟಾಲ್‌ಗೆ ಮೊದಲು ಲೈಸೆನ್ಸನ್ನು ಡೀಆಕ್ಟಿವೇಟ್ ಮಾಡಲು ಮರೆಯಬೇಡಿ. ಇಂತಿಷ್ಟೇ ಕಂಪ್ಯೂಟರ್ ಎಂಬ ಮಿತಿ ಇರುವ ಲೈಸೆನ್ಸ್‌ಗಳಲ್ಲಿ ಇದು ತಪ್ಪಿದರೆ ಮರು ಆಕ್ಟಿವೇಶನ್‌ಗೆ ಗ್ರಾಹಕ ಸೇವೆಯ ಹಿಂದೆ ಅಲೆಯಬೇಕಾಗುತ್ತದೆ.

ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದ ಆ್ಯಪ್‌ಗಳಿಗೆ ಈ ಯಾವ ತಾಪತ್ರಯವೂ ಬೇಕಿಲ್ಲ. ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಲ್ಲಿ ಮೂರು ಚುಕ್ಕಿ ಒತ್ತಿದಾಗ ಮೂವ್ ಎಂದು ಕಂಡರೆ ಅದನ್ನೇ ಬಳಸಿ. ಈ ಆ್ಯಪ್‌ಗಳು ಕೂರುವ ವಿಂಡೋಸ್‌ಆ್ಯಪ್ಸ್ ಫೋಲ್ಡರನ್ನು ಕೈಯಿಂದ ಮುಟ್ಟಬೇಡಿ. ಸ್ಟೀಮ್‌ನ ಗೇಮ್‌ಗಳಿಗೂ ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಪುಟದಲ್ಲೇ ಸಾಗಿಸುವ ಗುಂಡಿ ಇದೆ.

ಸಾಗಿಸಲೇಬಾರದ ಕೆಲವು ಇವೆ. ಮೈಕ್ರೋಸಾಫ್ಟ್ ಆಫೀಸ್‌ನ ಈಗಿನ ಆವೃತ್ತಿಗಳು ವಿಂಡೋಸ್ ಇರುವ ಡ್ರೈವ್‌ನಲ್ಲೇ ಇನ್‌ಸ್ಟಾಲ್ ಆಗುತ್ತವೆ, ಬೇರೆ ಡ್ರೈವ್ ಆರಿಸುವ ಅವಕಾಶ ಕೊಟ್ಟಿಲ್ಲ. ಆ್ಯಂಟಿವೈರಸ್, ಡ್ರೈವರ್‌ಗಳ ಜೊತೆ ಬರುವ ಪ್ರೋಗ್ರಾಂಗಳು, ಕಾಮನ್ ಫೈಲ್ಸ್ ಫೋಲ್ಡರ್, ಇವಕ್ಕೆ ಜಂಕ್ಷನ್ ಹಾಕಬೇಡಿ. ರಿಜಿಸ್ಟ್ರಿಯಲ್ಲಿ ಪ್ರೋಗ್ರಾಂಫೈಲ್ಸ್‌ಡಿರ್ ಎಂಬ ಮೌಲ್ಯ ಬದಲಿಸಿ ಇಡೀ ಪ್ರೋಗ್ರಾಂ ಫೈಲ್ಸನ್ನೇ ಡಿ ಡ್ರೈವ್‌ಗೆ ಒಯ್ಯುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲವಿಲ್ಲ, ವಿಂಡೋಸ್ ಅಪ್‌ಡೇಟ್‌ಗಳೇ ಎಡವುತ್ತವೆ. ಡಿ ಎಂಬುದು ಯುಎಸ್‌ಬಿಯಲ್ಲಿ ಚುಚ್ಚುವ ಹೊರಗಿನ ಡಿಸ್ಕ್ ಆಗಿದ್ದರೂ ಬೇಡ. ಕೇಬಲ್ ಕಳಚಿದ ದಿನ ಪ್ರೋಗ್ರಾಂ ಇಲ್ಲ.

ಡಿ ಡ್ರೈವ್‌ನಲ್ಲಿ ಜಾಗ ಸಿದ್ಧಪಡಿಸುವುದು

ಡಿ ಡ್ರೈವ್‌ನ ಪ್ರಾಪರ್ಟೀಸ್ ತೆರೆದು ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್ ಎಂದಿದೆಯೇ ನೋಡಿ. ಎಕ್ಸ್‌ಫ್ಯಾಟ್ ಆಗಿದ್ದರೆ ಅಲ್ಲಿ ಫೈಲ್‌ಗಳಿಗೆ ಅನುಮತಿ ನಿಗದಿಪಡಿಸುವ ವ್ಯವಸ್ಥೆಯೇ ಇಲ್ಲ, ಪ್ರೋಗ್ರಾಂ ಇಡಲು ತಕ್ಕ ಜಾಗವಲ್ಲ.

ಅನುಮತಿಯ ವಿಷಯವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ, ಆದರೆ ಅದು ಮುಖ್ಯ. ಪ್ರೋಗ್ರಾಂ ಫೈಲ್ಸ್‌ನೊಳಗಿನ ಫೈಲ್‌ಗಳನ್ನು ಸಾಮಾನ್ಯ ಬಳಕೆದಾರ ಓದಬಹುದು, ಓಡಿಸಬಹುದು, ತಿದ್ದಲಾರ. ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಬೇರೆ ಡ್ರೈವ್‌ಗಳಲ್ಲಿ ಅಥೆಂಟಿಕೇಟೆಡ್ ಯೂಸರ್ಸ್ ಎಂಬ ಗುಂಪಿಗೆ ಮಾಡಿಫೈ ಅನುಮತಿ ಮೊದಲೇ ಇರುತ್ತದೆ. ಎಂದರೆ ಲಾಗಿನ್ ಆದ ಯಾರೇ ಆಗಲಿ, ಅವರ ಹೆಸರಿನಲ್ಲಿ ಓಡುವ ಯಾವ ಕುತಂತ್ರಾಂಶವೇ ಆಗಲಿ, ಅಲ್ಲಿರುವ ಇಎಕ್ಸ್‌ಇ ಫೈಲನ್ನು ಬದಲಿಸಿಡಬಹುದು. ಆ ಪ್ರೋಗ್ರಾಂನ ಒಂದು ಭಾಗ ಸರ್ವಿಸ್ ಆಗಿ ಸಿಸ್ಟಂ ಅಧಿಕಾರದಲ್ಲಿ ಓಡುತ್ತಿದ್ದರೆ, ಬದಲಿಸಿಟ್ಟ ಫೈಲಿಗೂ ಅದೇ ಅಧಿಕಾರ ಸಿಗುತ್ತದೆ. ಜಾಗ ಉಳಿಸಲು ಹೋಗಿ ಕಂಪ್ಯೂಟರ್‌ನ ಬೀಗವನ್ನೇ ತೆರೆದಿಟ್ಟಂತಾಗಬಾರದು.

ಹಾಗಾಗಿ ಡಿ ಡ್ರೈವ್‌ನಲ್ಲಿ ಆ್ಯಪ್ಸ್ ಎಂಬ ಒಂದು ಫೋಲ್ಡರ್ ಮಾಡಿ. ಅದರ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್ ಎಂದು ಹೋಗಿ ಡಿಸೇಬಲ್ ಇನ್‌ಹೆರಿಟೆನ್ಸ್ ಒತ್ತಿ, ಕೇಳಿದಾಗ ಕನ್ವರ್ಟ್ ಎಂಬ ಮೊದಲ ಆಯ್ಕೆ ಆರಿಸಿ. ಪಟ್ಟಿಯಿಂದ ಅಥೆಂಟಿಕೇಟೆಡ್ ಯೂಸರ್ಸ್ ಸಾಲನ್ನು ತೆಗೆದುಹಾಕಿ. ಅಡ್ಮಿನಿಸ್ಟ್ರೇಟರ್ಸ್ ಮತ್ತು ಸಿಸ್ಟಂಗೆ ಫುಲ್ ಕಂಟ್ರೋಲ್, ಯೂಸರ್ಸ್‌ಗೆ ರೀಡ್ ಆ್ಯಂಡ್ ಎಕ್ಸಿಕ್ಯೂಟ್ ಉಳಿದಿರಬೇಕು. ಜೊತೆಗೆ ಆಲ್ ಅಪ್ಲಿಕೇಶನ್ ಪ್ಯಾಕೇಜಸ್ ಎಂಬ ಗುಂಪನ್ನು ಸೇರಿಸಿ ಅದಕ್ಕೂ ರೀಡ್ ಆ್ಯಂಡ್ ಎಕ್ಸಿಕ್ಯೂಟ್ ಕೊಡಿ. ಪ್ರೋಗ್ರಾಂ ಫೈಲ್ಸ್‌ನಲ್ಲಿ ಅದು ಇರುತ್ತದೆ, ಬೇರೆ ಡ್ರೈವ್‌ಗಳಲ್ಲಿ ಇರುವುದಿಲ್ಲ. ತಮ್ಮ ಒಂದು ಭಾಗವನ್ನು ಸ್ಯಾಂಡ್‌ಬಾಕ್ಸ್‌ನಲ್ಲಿ (ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿದ ಆವರಣದಲ್ಲಿ) ಓಡಿಸುವ ಪ್ರೋಗ್ರಾಂಗಳಿಗೆ ಅದು ಬೇಕಾಗುತ್ತದೆ.

ಫೋಲ್ಡರ್‌ಗೆ ಕನ್ನಡದಲ್ಲಿ ಹೆಸರಿಡುವ ಆಸೆಯನ್ನು ಇಲ್ಲಿ ಮಾತ್ರ ಬಿಡಿ, ಇಂಗ್ಲಿಷ್ ಅಕ್ಷರಗಳಲ್ಲೇ, ನಡುವೆ ಖಾಲಿ ಜಾಗವಿಲ್ಲದೆ ಇಡಿ. ವಿಂಡೋಸ್‌ಗೆ ಕನ್ನಡ ಹೆಸರಿನಿಂದ ತೊಂದರೆಯಿಲ್ಲ. ತೊಂದರೆ ಯೂನಿಕೋಡ್ ಬಳಸದ ಹಳೆಯ ಪ್ರೋಗ್ರಾಂಗಳದು. ಕನ್ನಡಕ್ಕೆ ವಿಂಡೋಸ್‌ನಲ್ಲಿ ಹಳೆಯ ಬಗೆಯ ಕೋಡ್ ಪೇಜ್ (ಇಂತಹ ಪ್ರೋಗ್ರಾಂಗಳು ಬಳಸುವ ಅಕ್ಷರಗಳ ಸಂಕೇತ ಪಟ್ಟಿ) ಇಲ್ಲ, ಯೂನಿಕೋಡ್ ಮಾತ್ರ ಇದೆ. ಆದ್ದರಿಂದ ಅಂತಹ ಪ್ರೋಗ್ರಾಂಗೆ ವಿಳಾಸದಲ್ಲಿನ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತವೆ, ತನ್ನದೇ ಫೈಲ್ ಸಿಗದೆ ನಿಂತುಬಿಡುತ್ತದೆ. ಕೆಲವು ಪ್ರೋಗ್ರಾಂಗಳು ಎಲ್ಲ ಸರಿ ಓಡಿ ಪ್ಲಗಿನ್ ತೆರೆಯುವಲ್ಲಿ ಮಾತ್ರ ಸೋಲುವುದಕ್ಕೂ ಇದೇ ಕಾರಣವಿರಬಹುದು. ಪ್ಲಗಿನ್ ಬರೆದವರು ಬೇರೆ, ಅವರು ಹಳೆಯ ವಿಧಾನ ಬಳಸಿರುತ್ತಾರೆ.

ಜಂಕ್ಷನ್ ಹಾಕುವ ಕ್ರಮ

ಮೊದಲು, ಮುಂದೆ ಬೇರೆ ಪ್ರೋಗ್ರಾಂ ಸಾಗಿಸುವಾಗಿನ ಪೂರ್ತಿ ಕ್ರಮ ಹೇಳುತ್ತೇನೆ. ನಿಮ್ಮ ಅರ್ಧ ಸಾಗಿದ ಪ್ರೋಗ್ರಾಂಗೆ ಬೇಕಾದ ಬದಲಾವಣೆ ಆಮೇಲೆ. ಆದೇಶಗಳನ್ನು ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ. ಪ್ರೋಗ್ರಾಂ ಫೋಲ್ಡರ್‌ನ ಹೆಸರು ವಿಡಿಯೊಆ್ಯಪ್ ಎಂದಿಟ್ಟುಕೊಳ್ಳೋಣ.

ಸಿಸ್ಟಂ ರಿಸ್ಟೋರ್ ಪಾಯಿಂಟ್ ಒಂದನ್ನು ಮಾಡಿಕೊಳ್ಳಿ. ಪ್ರೋಗ್ರಾಂ ಮುಚ್ಚಿ. ಕಿಟಕಿ ಮುಚ್ಚಿದರೆ ಸಾಲದು, ಗಡಿಯಾರದ ಪಕ್ಕದ ಟ್ರೇ ಐಕಾನ್‌ನಿಂದಲೂ ಹೊರಬನ್ನಿ. ಸರ್ವಿಸಸ್ ತೆರೆದು ಆ ಕಂಪನಿಯ ಹೆಸರಿನ ಸರ್ವಿಸ್‌ಗಳನ್ನು ನಿಲ್ಲಿಸಿ, ಅವುಗಳ ಸ್ಟಾರ್ಟಪ್ ಟೈಪ್ ಏನಿತ್ತು ಎಂದು ಬರೆದಿಟ್ಟುಕೊಂಡು ತಾತ್ಕಾಲಿಕವಾಗಿ ಡಿಸೇಬಲ್ಡ್ ಮಾಡಿ. ಇಲ್ಲದಿದ್ದರೆ ಅಪ್‌ಡೇಟರ್ ನಡುವೆ ಎದ್ದು ಕೂರುತ್ತದೆ.

ಕಮಾಂಡ್ ಪ್ರಾಂಪ್ಟನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಮೂಲಕ ತೆರೆಯಿರಿ. ಪವರ್‌ಶೆಲ್ ಬೇಡ. ಎಂಕೆಲಿಂಕ್ ಎಂಬುದು ಕಮಾಂಡ್ ಪ್ರಾಂಪ್ಟ್‌ನ ಒಳಗಿನ ಆದೇಶ, ಪವರ್‌ಶೆಲ್‌ನಲ್ಲಿ ಕೊಟ್ಟರೆ ಅಂತಹ ಆದೇಶವೇ ಇಲ್ಲ ಎನ್ನುತ್ತದೆ. ನಕಲು ಮಾಡಲು:

ರೋಬೋಕಾಪಿ "ಸಿ:\ಪ್ರೋಗ್ರಾಂ ಫೈಲ್ಸ್\ವಿಡಿಯೊಆ್ಯಪ್" "ಡಿ:\ಆ್ಯಪ್ಸ್\ವಿಡಿಯೊಆ್ಯಪ್" /ಇ /ಕಾಪಿ:ಡಿಎಟಿ /ಡಿಕಾಪಿ:ಡಿಎಟಿ /ಎಕ್ಸ್‌ಜೆ /ಆರ್:2 /ಡಬ್ಲ್ಯು:2

/ಇ ಎಂದರೆ ಖಾಲಿ ಉಪಫೋಲ್ಡರ್‌ಗಳೂ ಬರಲಿ ಎಂದು. ಖಾಲಿ ಫೋಲ್ಡರ್ ಇಲ್ಲದಿದ್ದರೆ ಹಟ ಹಿಡಿಯುವ ಪ್ರೋಗ್ರಾಂಗಳಿವೆ. ಕಾಪಿ:ಡಿಎಟಿ ಎಂದರೆ ಫೈಲ್‌ನ ವಿಷಯ, ಗುಣಗಳು, ದಿನಾಂಕ. ಅನುಮತಿಗಳನ್ನು ಬೇಕೆಂದೇ ಬಿಟ್ಟಿದ್ದೇವೆ, ನಾವು ಸಿದ್ಧಪಡಿಸಿದ ಆ್ಯಪ್ಸ್ ಫೋಲ್ಡರ್‌ನಿಂದ ಅವು ಇಳಿದು ಬರುತ್ತವೆ. /ಎಕ್ಸ್‌ಜೆ ಎಂಬುದು ಒಳಗೆ ಈಗಾಗಲೇ ಜಂಕ್ಷನ್ ಇದ್ದರೆ ಅದರ ಹಿಂದೆ ಹೋಗಬೇಡ ಎಂಬ ಸೂಚನೆ. ಕೊನೆಯ ಎರಡನ್ನು ಬಿಡಲೇಬೇಡಿ. ಹೇಳದಿದ್ದರೆ ರೋಬೋಕಾಪಿ ಒಂದು ಬಳಕೆಯಲ್ಲಿರುವ ಫೈಲ್‌ಗಾಗಿ 30 ಸೆಕೆಂಡಿಗೊಮ್ಮೆಯಂತೆ 10 ಲಕ್ಷ ಸಲ ಪ್ರಯತ್ನಿಸುತ್ತದೆ, ಪರದೆ ಸ್ತಬ್ಧವಾದಂತೆ ಕಾಣುತ್ತದೆ. /ಎಂಐಆರ್ ಎಂಬ ಆಯ್ಕೆ ಬಳಸಬೇಡಿ, ಅದು ಗುರಿಯ ಫೋಲ್ಡರ್‌ನಲ್ಲಿ ಹೆಚ್ಚುವರಿ ಕಂಡದ್ದನ್ನೆಲ್ಲ ಅಳಿಸುತ್ತದೆ. /ಮೂವ್ ಕೂಡ ಬೇಡ, ಪರೀಕ್ಷೆ ಮುಗಿಯುವವರೆಗೆ ಮೂಲ ಪ್ರತಿ ನಮ್ಮ ಕೈಯಲ್ಲಿರಬೇಕು.

ಕೊನೆಯಲ್ಲಿ ಬರುವ ಕೋಷ್ಟಕದಲ್ಲಿ ಫೇಲ್ಡ್ ಎಂಬ ಕಾಲಂ ಎಲ್ಲ ಸಾಲಿನಲ್ಲೂ 0 ಇರಬೇಕು. ರೋಬೋಕಾಪಿ ಹಿಂದಿರುಗಿಸುವ ಸಂಖ್ಯೆ 1 ಎಂದು ಕಂಡರೆ ಗಾಬರಿ ಬೇಡ. ಇದರಲ್ಲಿ 8ಕ್ಕಿಂತ ಕಡಿಮೆ ಇದ್ದರೆ ಯಶಸ್ಸು, 8 ಅಥವಾ ಮೇಲಿದ್ದರೆ ವೈಫಲ್ಯ.

ಈಗ ಹಳೆಯ ಫೋಲ್ಡರ್‌ನ ಹೆಸರು ಬದಲಿಸಿ:

ರೆನ್ "ಸಿ:\ಪ್ರೋಗ್ರಾಂ ಫೈಲ್ಸ್\ವಿಡಿಯೊಆ್ಯಪ್" ವಿಡಿಯೊಆ್ಯಪ್-ಹಳೆ

ಆ್ಯಕ್ಸೆಸ್ ಡಿನೈಡ್ ಎಂದರೆ ಯಾವುದೋ ಪ್ರಕ್ರಿಯೆ ಇನ್ನೂ ಆ ಫೋಲ್ಡರನ್ನು ಹಿಡಿದುಕೊಂಡಿದೆ. ರಿಸೋರ್ಸ್ ಮಾನಿಟರ್‌ನ ಸಿಪಿಯು ಟ್ಯಾಬ್‌ನಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಎಂಬ ಹುಡುಕು ಪಟ್ಟಿ ಇದೆ, ಅಲ್ಲಿ ಫೋಲ್ಡರ್ ಹೆಸರು ಕೊಟ್ಟರೆ ಯಾರು ಹಿಡಿದಿದ್ದಾರೆ ಎಂದು ತೋರಿಸುತ್ತದೆ. ಹೆಸರು ಬದಲಾಯಿತು ಎಂದರೆ ಒಳಗಿನ ಯಾವ ಫೈಲೂ ಬಳಕೆಯಲ್ಲಿಲ್ಲ ಎಂಬ ಖಾತ್ರಿಯೂ ಸಿಕ್ಕಂತೆ. ನಂತರ ಜಂಕ್ಷನ್:

ಎಂಕೆಲಿಂಕ್ /ಜೆ "ಸಿ:\ಪ್ರೋಗ್ರಾಂ ಫೈಲ್ಸ್\ವಿಡಿಯೊಆ್ಯಪ್" "ಡಿ:\ಆ್ಯಪ್ಸ್\ವಿಡಿಯೊಆ್ಯಪ್"

ಮೊದಲು ಬರುವುದು ಹಳೆಯ ವಿಳಾಸ, ಆಮೇಲೆ ನಿಜವಾದ ಜಾಗ. ಇದು ತಲೆಕೆಳಗಾಗುವುದೇ ಹೆಚ್ಚು. ಹಳೆಯ ಹೆಸರಿನ ಖಾಲಿ ಫೋಲ್ಡರನ್ನು ಮೊದಲೇ ಮಾಡಿಡಬೇಡಿ, ಎಂಕೆಲಿಂಕ್ ತಾನೇ ಮಾಡುತ್ತದೆ. ಅದೇ ಹೆಸರಿನ ಫೋಲ್ಡರ್ ಇದ್ದರೆ ಆ ಫೈಲ್ ಈಗಾಗಲೇ ಇದೆ ಎಂದು ನಿರಾಕರಿಸುತ್ತದೆ. ಜಂಕ್ಷನ್ ಕ್ರಿಯೇಟೆಡ್ ಎಂಬ ಸಾಲು ಬಂದ ಮೇಲೆ ಪ್ರೋಗ್ರಾಂ ಫೈಲ್ಸ್‌ನಲ್ಲಿ ಡಿಐಆರ್ /ಎಎಲ್ ಎಂದು ಕೊಟ್ಟರೆ ಫೋಲ್ಡರ್ ಹೆಸರಿನ ಮುಂದೆ ಜಂಕ್ಷನ್ ಎಂದೂ, ಅದು ತೋರಿಸುವ ಜಾಗವೂ ಕಾಣುತ್ತವೆ.

ಸರ್ವಿಸ್‌ಗಳನ್ನು ಮೊದಲಿನ ಸ್ಥಿತಿಗೆ ತಂದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಪ್ರೋಗ್ರಾಂ ತೆರೆದರೆ ಸಾಲದು. ಒಂದು ಪ್ರಾಜೆಕ್ಟನ್ನು ಡಬಲ್ ಕ್ಲಿಕ್‌ನಿಂದ ತೆರೆಯಿರಿ, ಒಂದು ಚಿಕ್ಕ ವಿಡಿಯೊ ಎಕ್ಸ್‌ಪೋರ್ಟ್ ಮಾಡಿ, ಪ್ಲಗಿನ್‌ಗಳು ಬಂದಿವೆಯೇ ನೋಡಿ, ಅಡ್ಮಿನಿಸ್ಟ್ರೇಟರ್ ಅಲ್ಲದ ಖಾತೆ ಇದ್ದರೆ ಅದರಿಂದಲೂ ತೆರೆಯಿರಿ. ಆ ಖಾತೆಯಲ್ಲಿ ಮಾತ್ರ ಉಳಿಸಲು ಆಗುತ್ತಿಲ್ಲ ಎಂದರೆ, ಪ್ರೋಗ್ರಾಂ ತನ್ನ ಫೋಲ್ಡರ್‌ನೊಳಗೇ ಎಲ್ಲೋ ಬರೆಯುತ್ತದೆ, ಇನ್‌ಸ್ಟಾಲರ್ ಆ ಒಂದು ಉಪಫೋಲ್ಡರ್‌ಗೆ ವಿಶೇಷ ಅನುಮತಿ ಕೊಟ್ಟಿತ್ತು ಎಂದರ್ಥ. ಹಳೆಯ ಪ್ರತಿಯಲ್ಲಿ ಅದರ ಸೆಕ್ಯುರಿಟಿ ಟ್ಯಾಬ್ ನೋಡಿ, ಹೊಸದರಲ್ಲಿ ಅದಕ್ಕೆ ಮಾತ್ರ ಅಷ್ಟೇ ಕೊಡಿ. ಎಲ್ಲ ಸರಿಯಿದ್ದು ಎರಡು ಮೂರು ದಿನ ಕಳೆದ ಮೇಲೆ ವಿಡಿಯೊಆ್ಯಪ್-ಹಳೆ ಫೋಲ್ಡರನ್ನು ಅಳಿಸಿ. ಸಿ ಡ್ರೈವ್‌ನಲ್ಲಿ ಜಾಗ ಬಿಡುಗಡೆಯಾಗುವುದು ಆಗಲೇ.

ನಿಮ್ಮ ಈಗಿನ ಸ್ಥಿತಿಗೆ

ಸಿ ಡ್ರೈವ್‌ನ ಹಳೆಯ ಫೋಲ್ಡರ್‌ನಲ್ಲಿ ಉಳಿದ ಫೈಲ್‌ಗಳನ್ನು ಡಿ ಡ್ರೈವ್‌ನ ಫೋಲ್ಡರ್‌ಗೆ ಸೇರಿಸಬೇಕು. ಸರ್ವಿಸ್ ನಿಲ್ಲಿಸಿ, ಡಿಯಲ್ಲಿರುವ ಫೋಲ್ಡರನ್ನು ಆ್ಯಪ್ಸ್ ಒಳಕ್ಕೆ ಸರಿಸಿ, ಮೇಲಿನ ರೋಬೋಕಾಪಿ ಆದೇಶವನ್ನೇ ಓಡಿಸಿ. ಅದು ಅಲ್ಲಿಲ್ಲದ ಮತ್ತು ಬೇರೆಯಾಗಿರುವ ಫೈಲ್‌ಗಳನ್ನು ಮಾತ್ರ ಒಯ್ಯುತ್ತದೆ. ಒಂದೇ ಡ್ರೈವ್‌ನೊಳಗೆ ಸರಿಸಿದ ಫೋಲ್ಡರ್ ತನ್ನ ಹಳೆಯ ಅನುಮತಿಗಳನ್ನೇ ಹೊತ್ತು ಬರುತ್ತದೆ, ಹೊಸ ಜಾಗದ್ದನ್ನು ಪಡೆಯುವುದಿಲ್ಲ. ಆದ್ದರಿಂದ ಆ್ಯಪ್ಸ್ ಫೋಲ್ಡರ್‌ನ ಅಡ್ವಾನ್ಸ್ಡ್ ಸೆಕ್ಯುರಿಟಿ ಪುಟಕ್ಕೆ ಮತ್ತೆ ಹೋಗಿ, ಕೆಳಗಿನ ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್ ಪರ್ಮಿಶನ್ ಎಂಟ್ರೀಸ್ ಎಂಬ ಚೌಕಕ್ಕೆ ಗುರುತು ಹಾಕಿ ಅಪ್ಲೈ ಒತ್ತಿ. ಆಮೇಲೆ ಹೆಸರು ಬದಲಾವಣೆ, ಜಂಕ್ಷನ್.

ನಿಮ್ಮ ಬಿಳಿ ಐಕಾನ್, ಫೈಲ್ ತೆರೆಯುವಿಕೆ, ಅನ್‌ಇನ್‌ಸ್ಟಾಲ್ ಮೂರೂ ಜಂಕ್ಷನ್ ಬಂದೊಡನೆ ಮರಳಬೇಕು. ಐಕಾನ್ ಇನ್ನೂ ಬಿಳಿಯಾಗಿದ್ದರೆ ಅದು ಐಕಾನ್ ಕ್ಯಾಶ್‌ನ ಹಳೆಯ ಚಿತ್ರವಷ್ಟೆ, ಸಾಮಾನ್ಯವಾಗಿ ರೀಸ್ಟಾರ್ಟ್‌ಗೆ ಹೋಗುತ್ತದೆ. ಕೊನೆಗೆ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಲ್ಲಿ ಮಾಡಿಫೈ ಅಥವಾ ರಿಪೇರ್ ಇದ್ದರೆ ಒಮ್ಮೆ ಓಡಿಸಿ. ಇಷ್ಟಾದರೂ ಪ್ರೋಗ್ರಾಂ ತೆರೆಯದಿದ್ದರೆ, ಅನ್‌ಇನ್‌ಸ್ಟಾಲ್ ಈಗ ಸಾಧ್ಯವಿರುವುದರಿಂದ, ಅದನ್ನು ಮಾಡಿ ಡಿ ಡ್ರೈವ್‌ಗೇ ಹೊಸದಾಗಿ ಇನ್‌ಸ್ಟಾಲ್ ಮಾಡಿ.

ರಿಜಿಸ್ಟ್ರಿ ತಿದ್ದಿ ಸಾಗಿಸುವುದು

ಕೆಲವು ಪ್ರೋಗ್ರಾಂಗಳು, ವಿಶೇಷವಾಗಿ ಕೆಲವು ಅಪ್‌ಡೇಟರ್‌ಗಳು, ಜಂಕ್ಷನ್ ಕಂಡರೆ ಮುಂದುವರಿಯುವುದಿಲ್ಲ. ಆಗ ಉಳಿಯುವುದು ವಿಳಾಸಗಳನ್ನೇ ತಿದ್ದುವ ದಾರಿ. ಸಣ್ಣ ಪ್ರೋಗ್ರಾಂಗೆ ಇದು ಸಾಧ್ಯ. ವಿಂಡೋಸ್ ಇನ್‌ಸ್ಟಾಲರ್‌ನಿಂದ ಬಂದ ದೊಡ್ಡ ಪ್ರೋಗ್ರಾಂಗೆ ನಾನು ಸಲಹೆ ಮಾಡುವುದಿಲ್ಲ. ಅದರ ಒಂದೊಂದು ಘಟಕಕ್ಕೂ ಇನ್‌ಸ್ಟಾಲರ್‌ನ ದಾಖಲೆಯಲ್ಲಿ ಪ್ರತ್ಯೇಕ ವಿಳಾಸವಿರುತ್ತದೆ, ಸಾವಿರಾರು ಇರಬಹುದು. ಒಂದು ತಪ್ಪಿದರೂ ಮುಂದಿನ ಅಪ್‌ಡೇಟ್ ಹಳೆಯ ಜಾಗದಲ್ಲಿ ಅರ್ಧ ಪ್ರೋಗ್ರಾಂ ಕಟ್ಟುತ್ತದೆ.

ಮಾಡುವುದೇ ಆದರೆ, ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್ ತೆರೆದು ತಿದ್ದುವ ಪ್ರತಿ ಕೀಯನ್ನೂ ಮೊದಲು ಎಕ್ಸ್‌ಪೋರ್ಟ್ ಮಾಡಿ. ಮೊದಲು ನೋಡಬೇಕಾದ್ದು ಎಚ್‌ಕೆಎಲ್‌ಎಂ\ಸಾಫ್ಟ್‌ವೇರ್\ಮೈಕ್ರೋಸಾಫ್ಟ್\ವಿಂಡೋಸ್\ಕರೆಂಟ್‌ವರ್ಶನ್ ಕೆಳಗಿನ ಅನ್‌ಇನ್‌ಸ್ಟಾಲ್ ಮತ್ತು ಆ್ಯಪ್ ಪಾತ್ಸ್ (ಎಚ್‌ಕೆಎಲ್‌ಎಂ ಎಂದರೆ ಅಲ್ಲಿ ಕಾಣುವ ಎಚ್‌ಕೀ_ಲೋಕಲ್_ಮಷಿನ್). ಮೊದಲನೆಯದರಲ್ಲಿ ಇನ್‌ಸ್ಟಾಲ್‌ಲೊಕೇಶನ್, ಅನ್‌ಇನ್‌ಸ್ಟಾಲ್‌ಸ್ಟ್ರಿಂಗ್, ಡಿಸ್‌ಪ್ಲೇಐಕಾನ್ ಮೂರನ್ನೂ ತಿದ್ದಬೇಕು. 32 ಬಿಟ್‌ನ ಪ್ರೋಗ್ರಾಂ ಆದರೆ ಇದೇ ರಚನೆ ಸಾಫ್ಟ್‌ವೇರ್ ಕೆಳಗಿನ ವಾವ್6432ನೋಡ್ ಎಂಬ ಕೀಯೊಳಗಿದೆ. ಸರ್ವಿಸ್‌ಗಳ ವಿಳಾಸ ಎಚ್‌ಕೆಎಲ್‌ಎಂ\ಸಿಸ್ಟಂ\ಕರೆಂಟ್‌ಕಂಟ್ರೋಲ್‌ಸೆಟ್\ಸರ್ವಿಸಸ್ ಒಳಗೆ ಇಮೇಜ್‌ಪಾತ್ ಎಂಬ ಮೌಲ್ಯದಲ್ಲಿದೆ. ಉಳಿದದ್ದಕ್ಕೆ ಹಳೆಯ ವಿಳಾಸ ಹುಡುಕುತ್ತ ಎಫ್3 ಒತ್ತುತ್ತ ಹೋಗಬೇಕು.

ಆದರೆ ನೇರ ಹುಡುಕಾಟಕ್ಕೆ ಸಿಗದ ವೇಷಗಳಿವೆ, ಹೆಚ್ಚಿನ ಕೈ ಸಾಗಣೆಗಳು ಸೋಲುವುದು ಇಲ್ಲೇ. ಪ್ರೋಗ್ರಾಂ ಫೈಲ್ಸ್ ಎಂಬುದು ಹಳೆಯ 8.3 ರೀತಿಯ ಚುಟುಕು ಹೆಸರಾಗಿ, ಪಿಆರ್‌ಒಜಿಆರ್‌ಎ~1 ಎಂದು ಬರೆದಿರಬಹುದು. ಶೇಕಡಾ ಚಿಹ್ನೆಗಳ ನಡುವೆ ಪ್ರೋಗ್ರಾಂಫೈಲ್ಸ್ ಎಂಬ ವೇರಿಯಬಲ್ ಆಗಿ ಇರಬಹುದು, ಅದು ಯಾವಾಗಲೂ ಸಿ ಡ್ರೈವನ್ನೇ ತೋರಿಸುತ್ತದೆ. ಬೈನರಿ ಮೌಲ್ಯದೊಳಗೆ ಅಡಗಿರಬಹುದು. ಕಾನ್ಫಿಗರೇಶನ್ ಫೈಲ್‌ಗಳಲ್ಲಿ ಹಿಂಬದಿ ಓರೆಗೆರೆ ಎರಡೆರಡಾಗಿ, ಇಲ್ಲವೇ ಮುಂಬದಿ ಓರೆಗೆರೆಯಾಗಿ ಬದಲಾಗಿರಬಹುದು. ನಾಲ್ಕು ರೂಪಗಳನ್ನೂ ಬೇರೆ ಬೇರೆಯಾಗಿ ಹುಡುಕಿ. ಫೈರ್‌ವಾಲ್ ನಿಯಮವೂ ಪ್ರೋಗ್ರಾಂನ ವಿಳಾಸಕ್ಕೆ ಕಟ್ಟುಬಿದ್ದದ್ದು, ಹೊಸ ಜಾಗದಿಂದ ಓಡಿಸಿದಾಗ ಮತ್ತೆ ಅನುಮತಿ ಕೇಳುತ್ತದೆ.

ಲೆಕ್ಕಪತ್ರಕ್ಕೆ ಬೆಂಗಳೂರಿನ ಟ್ಯಾಲಿ ಬಳಸುವವರಿಗೆ ಇಲ್ಲೊಂದು ಮಾತು. ಅಲ್ಲಿ ಬೆಳೆಯುವುದು ಪ್ರೋಗ್ರಾಂ ಅಲ್ಲ, ಡೇಟಾ ಫೋಲ್ಡರ್. ಸಂಖ್ಯೆಗಳೇ ಹೆಸರಾದ ಫೋಲ್ಡರ್‌ಗಳಲ್ಲಿ ಒಂದೊಂದು ಕಂಪನಿಯ ಲೆಕ್ಕವಿರುತ್ತದೆ. ಬ್ಯಾಕಪ್ ತೆಗೆದು, ಟ್ಯಾಲಿ ಮುಚ್ಚಿ, ಡೇಟಾ ಫೋಲ್ಡರನ್ನು ಡಿಗೆ ನಕಲಿಸಿ, ಟ್ಯಾಲಿ.ಐಎನ್‌ಐ ಫೈಲ್‌ನ ಡೇಟಾ ಎಂಬ ಸಾಲಿನಲ್ಲಿ ಹೊಸ ವಿಳಾಸ ಕೊಡಿ. ಆ ಫೋಲ್ಡರ್‌ಗೆ ಬಳಕೆದಾರರ ಮಾಡಿಫೈ ಅನುಮತಿ ಇರಲೇಬೇಕು, ಆದ್ದರಿಂದ ಮೇಲೆ ಹೇಳಿದ ಆ್ಯಪ್ಸ್ ಒಳಗೆ ಇಡದೆ ಬೇರೆಡೆ ಇಡಿ.

ಜಂಕ್ಷನ್ ಇದ್ದಾಗ ನೆನಪಿಡಬೇಕಾದ್ದು

ಪ್ರತಿ ವರ್ಷದ ಆವೃತ್ತಿಯನ್ನು ಹೊಸ ಹೆಸರಿನ ಫೋಲ್ಡರ್‌ನಲ್ಲಿ ಹಾಕುವ ಪ್ರೋಗ್ರಾಂಗಳಿವೆ. ಅವುಗಳ ದೊಡ್ಡ ಅಪ್‌ಡೇಟ್ ಬಂದಾಗ ಹೊಸ ಫೋಲ್ಡರ್ ಮತ್ತೆ ಸಿಯಲ್ಲೇ ಹುಟ್ಟುತ್ತದೆ. ಕೆಲವು ಇನ್‌ಸ್ಟಾಲರ್‌ಗಳು ಜಂಕ್ಷನ್ ಅಳಿಸಿ ಅದೇ ಹೆಸರಿನ ನಿಜ ಫೋಲ್ಡರ್ ಮಾಡುತ್ತವೆ. ಅಪ್‌ಡೇಟ್ ಆದ ಮೇಲೆ ಒಮ್ಮೆ ಡಿಐಆರ್ /ಎಎಲ್ ಕೊಟ್ಟು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಸಿ ಡ್ರೈವ್‌ನ ಇಮೇಜ್ ಬ್ಯಾಕಪ್ ಮಾತ್ರ ತೆಗೆಯುವವರ ಬ್ಯಾಕಪ್‌ನಲ್ಲಿ ಇನ್ನು ಮುಂದೆ ಈ ಪ್ರೋಗ್ರಾಂ ಇರುವುದಿಲ್ಲ, ಬಾಗಿಲು ಮಾತ್ರ ಇರುತ್ತದೆ. ಡಿ ಡ್ರೈವ್‌ನ ಆ್ಯಪ್ಸ್ ಫೋಲ್ಡರನ್ನೂ ಸೇರಿಸಿ. ರಿಸ್ಟೋರ್ ಪಾಯಿಂಟ್‌ಗೂ ಇದೇ ಮಾತು. ಡಿ ಡ್ರೈವ್‌ಗೆ ಸಿಸ್ಟಂ ಪ್ರೊಟೆಕ್ಷನ್ ಸಾಮಾನ್ಯವಾಗಿ ಆನ್ ಇರುವುದಿಲ್ಲ, ಹಿಂದಕ್ಕೆ ಹೋದರೆ ರಿಜಿಸ್ಟ್ರಿ ಹಳೆಯದು, ಫೈಲ್‌ಗಳು ಹೊಸವು ಎಂಬ ಹೊಂದಾಣಿಕೆಯಿಲ್ಲದ ಸ್ಥಿತಿ ಬರಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿ ಎಂಬ ಅಕ್ಷರವನ್ನು ಎಂದೂ ಬದಲಿಸಬೇಡಿ.

ಪ್ರೋಗ್ರಾಂ ಮತ್ತೆ ಸಿಗೆ ಬೇಕೆನಿಸಿದರೆ ಮೊದಲು ಸರ್ವಿಸ್ ನಿಲ್ಲಿಸಿ, ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಕೊಡಿ:

ಆರ್‌ಎಂಡಿಐಆರ್ "ಸಿ:\ಪ್ರೋಗ್ರಾಂ ಫೈಲ್ಸ್\ವಿಡಿಯೊಆ್ಯಪ್"

ಹಿಂದೆ ಏನನ್ನೂ ಸೇರಿಸಬೇಡಿ, ಮುಖ್ಯವಾಗಿ /ಎಸ್ ಬೇಡ. ಹೀಗೆ ಕೊಟ್ಟರೆ ಬಾಗಿಲು ಮಾತ್ರ ಹೋಗುತ್ತದೆ, ಡಿ ಡ್ರೈವ್‌ನ ಫೈಲ್‌ಗಳು ಅಲ್ಲೇ ಇರುತ್ತವೆ. ಒಂದು ವೇಳೆ ಅದು ಜಂಕ್ಷನ್ ಆಗಿರದೆ ಫೈಲ್‌ಗಳು ತುಂಬಿದ ನಿಜ ಫೋಲ್ಡರ್ ಆಗಿಬಿಟ್ಟಿದ್ದರೆ ಈ ಆದೇಶ ಅದನ್ನು ಅಳಿಸಲು ಒಪ್ಪುವುದಿಲ್ಲ, ಫೋಲ್ಡರ್ ಖಾಲಿಯಿಲ್ಲ ಎನ್ನುತ್ತದೆ. ಬಾಗಿಲು ಹೋದ ಮೇಲೆ ಅದೇ ರೋಬೋಕಾಪಿ ಆದೇಶವನ್ನು ಎರಡು ವಿಳಾಸಗಳನ್ನು ಅದಲುಬದಲು ಮಾಡಿ ಓಡಿಸಿ.